ವಧುವಿನ ಮುಖವೊಂದು ಬಾಕಿ

ನಾನು ಇಪ್ಪತ್ತೇಳು ವರ್ಷ ದುಡಿದ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಸಾರ್, ಫಾರಿನ್ ಗಿರಾಕಿಗಳಿಗೆ ನೀವು ಬರೀತಿದ್ದ ಲೆಟರ್‌ಗಳು ಬಾಳ ಚೆನ್ನಾಗಿರ್ತಿದ್ವಂತೆ. ಎಂಗೆ ಬರೀಬೇಕು ಅಂತ ನಮಗೂ ಒಸಿ ಹೇಳ್ಕೊಡಿ" ಎಂದಳು. ನಾನು ಹೊಗಳಿಕೆಗೆ ಬೇಗ ಕರಗುವವನು. ಆಗಲಿ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ, ಆ ಕಾಗದಗಳ ಬಗ್ಗೆ ಇವಳಿಗೆ ನಿಜ ಹೇಳದಿದ್ದರೆ ನನ್ನಂಥ ಇನ್ನೊಬ್ಬ ಗುಮಾಸ್ತನನ್ನು ನಾನೇ ತಯಾರು ಮಾಡಿದ ಹಾಗಾಗುತ್ತದೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ದೇವರಾಜ ಮೊಹಲ್ಲಾದಲ್ಲಿ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ಕೆಳಗೆ ಗಂಧದ ಕೆತ್ತನೆ, ಬೀಟೆ ಮರದ ಸಾಮಾನು. ಮೇಲೆ ಮೈಸೂರು ಶೈಲಿಯ ಚಿತ್ರಗಳು. ಚಿತ್ರಗಳ ಮಧ್ಯೆ ಒಂದು ಮೇಜು, ಒಂದು ಟೈಪ್‌ರೈಟರ್, ಅದರ ಹಿಂದೆ ನಾನು. ಹೊರದೇಶದವರ ಕಾಗದಗಳನ್ನು ಓದಿ ಯಜಮಾನರಿಗೆ ಕನ್ನಡದಲ್ಲಿ ಹೇಳುವುದು, ಯಜಮಾನರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು, ಮಧ್ಯೆ ಕಲಾವಿದರ ಮನೆಗೆ ಹೋಗಿ ಕೆಲಸ ಎಲ್ಲಿಗೆ ಬಂತು ಎಂದು ನೋಡಿಬರುವುದು ನನ್ನ ಕೆಲಸ. ತಿ. ನರಸೀಪುರದ ಕಡೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವನು ನಾನು. ಬಿ.ಎ. ಮಾಡಿ, ಟೈಪಿಂಗ್ ಕಲಿತು, ಹೇಗೋ ಈ ಕುರ್ಚಿಗೆ ಬಂದಿದ್ದೆ. ಎಷ್ಟೋ ವರ್ಷಗಳ ಮೇಲೆ ನನ್ನನ್ನು ಮ್ಯಾನೇಜರ್ ಎಂದು ಕರೆದರು. ಕುರ್ಚಿ ಅದೇ, ತಿರುಗದ ಫ್ಯಾನೂ ಅದೇ.

ಯಜಮಾನರು ನಂಜುಂಡಪ್ಪನವರು. ಹಣೆ ತುಂಬ ವಿಭೂತಿ, ಮಾತು ಕಡಮೆ. ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ಅವರು ಹೇಳಿಕೊಟ್ಟ ಪಾಠ ಇಷ್ಟೇ: "ಗೌಡ್ರೇ, ಮಾಲು ತಡ ಆದ್ರೆ ಗಿರಾಕಿ ಕಾಯ್ತಾನೆ. ಉತ್ತರ ತಡ ಆದ್ರೆ ಕಾಯಲ್ಲ. ಏನಾದ್ರೂ ಬರೀರಿ, ಆದ್ರೆ ಬರೀರಿ." ಆ 'ಏನಾದ್ರೂ' ಅನ್ನುವುದನ್ನು ನಾನು ಅವರಿಗಿಂತ ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲ ಎಡವಟ್ಟು ಸೇರಿದ ಎರಡನೆಯ ವರ್ಷವೇ ಆಯಿತು. ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಇವೆಲ್ಲ ಹಲಗೆಯಿಂದ ಸ್ವಲ್ಪ ಉಬ್ಬಿರುತ್ತವೆ. ಬಿಳಿ ಪುಡಿ, ಅಂಟು, ಒಂದು ಬಗೆಯ ಮರದ ಹಳದಿ ಹಾಲು ಸೇರಿಸಿ ಅರೆದ ಸರಿಯನ್ನು ಕುಂಚದ ತುದಿಯಿಂದ ಎಳೆಎಳೆಯಾಗಿ ಇಟ್ಟು, ಒಣಗಿದ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಆ ಸರಿಗೆ ಮಕ್ಕಿ ಎನ್ನುತ್ತಾರೆ. ಇದೊಂದೂ ತಿಳಿಯದ ನಾನು, ಜರ್ಮನಿಗೆ ಹೋಗಬೇಕಿದ್ದ ಲಕ್ಷ್ಮಿಯ ಚಿತ್ರಕ್ಕೆ ಗಾಜನ್ನು ಅಲುಗಾಡದ ಹಾಗೆ ಬಿಗಿಯಾಗಿ ಕೂರಿಸು ಎಂದು ಬಡಗಿಗೆ ಹೇಳಿದೆ. ಹಡಗಿನ ಸೆಕೆಗೆ ಮಕ್ಕಿ ಮೆತ್ತಗಾಗಿ, ಲಕ್ಷ್ಮಿಯ ಒಡವೆಯೆಲ್ಲ ಗಾಜಿಗೆ ಅಂಟಿಕೊಂಡು ಹೋಯಿತು. ಯಜಮಾನರು ಬೈಯಲಿಲ್ಲ. ಒಂದು ವಾರ ಮಾತಾಡಲಿಲ್ಲ, ಅಷ್ಟೆ. ಗಾಜಿಗೂ ಚಿತ್ರಕ್ಕೂ ನಡುವೆ ಬೆರಳಿನಷ್ಟು ಜಾಗ ಬಿಡಬೇಕೆಂಬುದನ್ನು ಹೊಸಬರು ಮೊದಲು ಕಲಿಯಬೇಕು.

ಆ ಚಿತ್ರ ಬರೆದವರು ಮರಿಸ್ವಾಮಯ್ಯನವರು. ವಿಷಯ ತಿಳಿಸಲು ಹೋದ ನನ್ನನ್ನು ಕೂರಿಸಿ, ಕಾಫಿ ಕೊಡಿಸಿ, "ಹೋಗ್ಲಿ ಬುಡಿ ಗೌಡ್ರೇ, ಅಮ್ಮನಿಗೆ ಮತ್ತೆ ಒಡವೆ ಮಾಡ್ಸಿದ್ರಾಯ್ತು" ಎಂದು ನಕ್ಕರು. ಅವರ ತಾತ ಮಠವೊಂದರ ಗೋಡೆಗಳಿಗೆ ಚಿತ್ರ ಬರೆದವರಂತೆ. ಅಣ್ಣತಮ್ಮಂದಿರೆಲ್ಲ ಜವಳಿ, ದಿನಸಿ ಎಂದು ವ್ಯಾಪಾರಕ್ಕೆ ಹೋಗಿ, ಕುಂಚ ಹಿಡಿದವರು ಇವರೊಬ್ಬರೇ. ಮಕ್ಕಳಿರಲಿಲ್ಲ. ಹೆಂಡತಿ ನಾಗಮ್ಮನೇ ಬಣ್ಣ ಅರೆದುಕೊಡುತ್ತಿದ್ದರು. ಆಗ ಜಯಲಕ್ಷ್ಮಿಪುರಂನಲ್ಲಿ ಒಬ್ಬ ಪ್ರೊಫೆಸರರ ಬಂಗಲೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಚಳಿಗಾಲ, ಡೆನ್ಮಾರ್ಕಿನಿಂದ ಇಂಗ್ರಿಡ್ ಎಂಬ ಹೆಂಗಸು ಅಂಗಡಿಗೆ ಬಂದರು. ಗಂಡ ತೀರಿಹೋಗಿದ್ದ, ಎಪ್ಪತ್ತು ದಾಟಿದ, ಎತ್ತರದ ಹೆಂಗಸು. ಮನೆಯ ತುಂಬ ಬೇರೆ ಬೇರೆ ದೇಶಗಳ ಚಿತ್ರಗಳಿವೆ, ಒಂದೊಂದನ್ನೂ ಬರೆದವರನ್ನು ನೋಡಿಯೇ ಕೊಂಡಿದ್ದೇನೆ ಎಂದರು. ಗೋಡೆಯ ಮೇಲಿದ್ದ ಯಾವುದನ್ನೂ ಕೊಳ್ಳದೆ, ಬರೆಯುವವರನ್ನು ತೋರಿಸಿ ಎಂದು ಕೇಳಿದರು. ಮರಿಸ್ವಾಮಯ್ಯನವರ ಮನೆಗೆ ಕರೆದುಕೊಂಡು ಹೋದೆ. ಮೂರು ಬೆಳಗು ಅವರು ಅಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು, ಕುಂಚ ಹಿಡಿದ ಆ ಕೈಯನ್ನೇ ನೋಡಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ನಾನು ಮಧ್ಯೆ ಬಾಯಿ ಹಾಕಿದಾಗಲೆಲ್ಲ ಇಬ್ಬರೂ ನನ್ನನ್ನು ಸುಮ್ಮನಿರಿಸಿದರು. ಕೊನೆಯ ದಿನ ಗಿರಿಜಾ ಕಲ್ಯಾಣದ ಚಿತ್ರವೊಂದನ್ನು ಬರೆದುಕೊಡಲು ಕೇಳಿ ಹೋದರು. ನಾಲ್ಕಡಿ ಅಗಲದ ದೊಡ್ಡ ಚಿತ್ರ. ಒಂದು ವರ್ಷದಲ್ಲಿ ಮುಗಿಸಿ ಕಳಿಸುತ್ತೇವೆಂದು ಮಾತು ಕೊಟ್ಟೆವು.

ಮೊದಲ ವರ್ಷ ನಾನು ಬರೆದದ್ದೆಲ್ಲ ನಿಜವೇ. ಮಳೆಗಾಲ ಜಾಸ್ತಿಯಾಗಿ ಮಕ್ಕಿ ಒಣಗುತ್ತಿಲ್ಲ ಎಂದು ಬರೆದೆ, ಅದು ನಿಜ. ಮರಿಸ್ವಾಮಯ್ಯನವರು ಶ್ರೀರಾಂಪುರದಲ್ಲಿ ಸಣ್ಣದೊಂದು ಸ್ವಂತ ಮನೆ ಕಟ್ಟಿಕೊಂಡು ಹೋದರು, ಅದರಿಂದ ಎರಡು ತಿಂಗಳು ತಡ ಎಂದು ಬರೆದೆ, ಅದೂ ನಿಜ. ಶಿವನ ಮುಖ ಆಯಿತು, ಧಾರೆ ಎರೆಯುವ ವಿಷ್ಣುವಿನ ಮುಖ ಆಯಿತು, ಮದುವೆ ಮಾಡಿಸುವ ಬ್ರಹ್ಮನ ನಾಲ್ಕರಲ್ಲಿ ಕಾಣುವ ಮೂರೂ ಮುಖ ಆದವು. ಪಾರ್ವತಿಯ ಮುಖವೊಂದು ಬಾಕಿ ಉಳಿಯಿತು. ಮದುವೆಯ ಚಿತ್ರದಲ್ಲಿ ವಧುವಿನ ಮುಖವನ್ನು ಎಲ್ಲ ಮುಗಿದ ಮೇಲೆ ಬರೆಯುವುದು ಅವರ ತಾತನ ಕಾಲದಿಂದ ಬಂದ ಪದ್ಧತಿ. ಅದನ್ನೂ ಬರೆದೆ. ಇಂಗ್ರಿಡ್ ಅವರಿಂದ ಬಂದ ಉತ್ತರದಲ್ಲಿ, ಇದನ್ನು ಓದಿ ತಮಗೆ ಎಷ್ಟು ಸಂತೋಷವಾಯಿತು, ಸ್ನೇಹಿತರಿಗೆಲ್ಲ ಹೇಗೆ ಓದಿ ಹೇಳಿದೆ ಎಂದೇ ಒಂದು ಪುಟವಿತ್ತು.

ನಾನು ಹಾಳಾದದ್ದು ಆ ಒಂದು ಪುಟದಿಂದ.

ಎರಡನೆಯ ವರ್ಷವೂ ಮುಖ ಬಾಕಿಯೇ. ಹೋದಾಗಲೆಲ್ಲ ಮಂಟಪದ ಕಂಬಕ್ಕೆ ಹೊಸ ಬಳ್ಳಿ ಹಬ್ಬಿರುತ್ತಿತ್ತು, ಬಳ್ಳಿಗೆ ಹೂವು ಬಿಟ್ಟಿರುತ್ತಿತ್ತು, ಹೂವಿಗೆ ಮುತ್ತು ಕೂತಿರುತ್ತಿತ್ತು. ಎಲ್ಲ ಮಕ್ಕಿಯ ಕೆಲಸ, ನೋಡಿದರೆ ಕಣ್ಣು ತುಂಬುವ ಹಾಗೆ. ಮುಖದ ಜಾಗದಲ್ಲಿ ಮಾತ್ರ ಮೊಟ್ಟೆಯಾಕಾರದ ಬಿಳಿ. "ಯಾಕೆ ಸ್ವಾಮಿ?" ಎಂದರೆ, "ಅಮ್ಮನ ಮುಖ ಇನ್ನೂ ಸಿಕ್ಕಿಲ್ಲ ಕಣ್ರೀ" ಎನ್ನುತ್ತಿದ್ದರು. ಕಲಾವಿದರು ಹೀಗೆಯೇ ಅಂದುಕೊಂಡು ಅಂಗಡಿಗೆ ವಾಪಸು ಬಂದು ಕೀಲಿಮಣೆಯ ಮೇಲೆ ಬೆರಳು ಇಡುತ್ತಿದ್ದೆ. ಮರಿಸ್ವಾಮಯ್ಯನವರು ನೆಂಟರ ಮದುವೆಗೆಂದು ಒಮ್ಮೆ ನಂಜನಗೂಡಿಗೆ ಹೋಗಿದ್ದರು. ನನ್ನ ಕಾಗದದಲ್ಲಿ ಅವರು ಪ್ರತಿ ಸೋಮವಾರ ಕಪಿಲೆಯಲ್ಲಿ ಮಿಂದು, ಛತ್ರಗಳಲ್ಲಿ ಕೂತು, ಮದುಮಗಳಾಗಿ ಬಂದ ಹೆಣ್ಣುಮಕ್ಕಳ ಮುಖಗಳಲ್ಲಿ ಪಾರ್ವತಿಯನ್ನು ಹುಡುಕುವವರಾದರು. ಇನ್ನೊಂದು ಕಾಗದದಲ್ಲಿ ಗ್ರಹಣ ಬಂತೆಂದು ಕುಂಚವನ್ನೇ ಕೆಳಗಿಟ್ಟರು. ಮತ್ತೊಂದರಲ್ಲಿ ಬೆಟ್ಟದ ಮೆಟ್ಟಿಲು ಹತ್ತಿಹೋಗಿ ದೇವಿಯನ್ನೇ ಕೇಳಿ ಬಂದರು.

ಚಿತ್ರದ ಒಂದು ಫೋಟೊ ಕಳಿಸಿ ಎಂದು ಇಂಗ್ರಿಡ್ ಕೇಳಿದರು. ಫೋಟೊದವನನ್ನು ಕರೆದುಕೊಂಡು ಹೋಗಿ ಮಂಟಪ, ಹೋಮಕುಂಡ, ಶಿವ ಎಲ್ಲ ಬರುವ ಹಾಗೆ ತೆಗೆಸಿದೆ. ವಧುವನ್ನು ಏಕೆ ಬಿಟ್ಟಿರಿ ಎಂದು ಮರುಟಪಾಲಿನಲ್ಲೇ ಕೇಳಿದರು. ಮದುವೆಗೆ ಮುಂಚೆ ವಧುವಿನ ಪಟ ತೆಗೆಯುವುದು ನಮ್ಮಲ್ಲಿ ನಿಷಿದ್ಧ ಎಂದು ಬರೆದೆ. ಪಟ ನೋಡದೆ ಹೆಣ್ಣು ನೋಡಲು ಹೋಗುವವರೇ ಇಲ್ಲದ ಊರಿನಲ್ಲಿ ಕೂತು ಇದನ್ನು ಟೈಪ್ ಮಾಡಿದೆ. ಯಜಮಾನರಿಗೆ ಓದಿ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ನೀವು ಬಿಡಿ ಗೌಡ್ರೇ" ಎಂದರು. ಆ ಮೆಚ್ಚುಗೆಯನ್ನು ಜೇಬಿನಲ್ಲಿಟ್ಟುಕೊಂಡು ಒಂದು ತಿಂಗಳು ಓಡಾಡಿದೆ.

ನಾಲ್ಕನೆಯ ವರ್ಷ, ಒಂದು ಮಧ್ಯಾಹ್ನ ಹೇಳದೆ ಕೇಳದೆ ಶ್ರೀರಾಂಪುರದ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಮರಿಸ್ವಾಮಯ್ಯನವರು ಹಲಗೆಯ ಮುಂದೆ ಕೂತು ಮಕ್ಕಿ ಎಳೆಯುತ್ತಿದ್ದರು. ಎಡಗೈಯ ತೋರುಬೆರಳು ಒಣಗಿದ ಎಳೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ಅದರ ಪಕ್ಕದಲ್ಲೇ ಬಲಗೈಯ ಕುಂಚ ಹೊಸ ಎಳೆ ಇಡುತ್ತ ಬರುತ್ತಿತ್ತು. ಅವರ ಮುಖ ಮಾತ್ರ ಕಿಟಕಿಯ ಕಡೆಗಿತ್ತು. ನಾನು ಎದುರಿಗೆ ಹೋಗಿ ನಿಂತೆ. ನನ್ನನ್ನೇ ನೋಡುತ್ತ, "ಯಾರು?" ಎಂದರು.

ನಾನು ಅಡುಗೆಮನೆಗೆ ಹೋದೆ. ನಾಗಮ್ಮ ಒಲೆ ಸಣ್ಣಗೆ ಮಾಡಿದರು. "ಕಂಡ್ಬುಟ್ರಾ?" ಎಂದರು. "ಮೂರು ವರ್ಷ ಆಯ್ತು ಕಣಪ್ಪ. ಮೊದ್ಲು ಪಕ್ಕದಿಂದ ಮಬ್ಬು ಅಂದ್ರು, ಈಗ ಮಧ್ಯಕ್ಕೂ ಬಂದದೆ. ಮಕ್ಕಿಯಾದ್ರೆ ಕೈಗೆ ಸಿಕ್ತದೆ. ಮುಖ ಎಂಗೆ ಸಿಕ್ಕಬೇಕು? ಅದು ಬರೀ ಬಣ್ಣ, ಸವರಿದ್ರೆ ಏನು ತಿಳೀತದೆ?"

ಆಗ ನನಗೆ ಆ ಬಳ್ಳಿಗಳೂ ಹೂವುಗಳೂ ಅರ್ಥವಾದವು. ಅವರಿಗೆ ಮಾಡಲು ಸಾಧ್ಯವಿದ್ದ ಕೆಲಸ ಅದೊಂದೇ, ಅದನ್ನೇ ಮಾಡುತ್ತಿದ್ದರು. ಅದನ್ನು ನಾನು ಕಲಾವಿದನ ಗತ್ತು ಎಂದು ತಿಳಿದು, ಅದರ ಮೇಲೆ ಕತೆ ಕಟ್ಟಿ ಸಮುದ್ರದಾಚೆಗೆ ಕಳಿಸಿದ್ದೆ.

ವಾಪಸು ಬಂದು ನಾನೆಂದು ಹೇಳಿದಾಗ ಮರಿಸ್ವಾಮಯ್ಯನವರು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು. "ಯಜಮಾನ್ರಿಗೆ ಹೇಳ್ಬೇಡಿ ಗೌಡ್ರೇ. ಇನ್ನು ಇವ್ನ ಕೈಲಿ ಆಗಲ್ಲ ಅಂತ ಆದ್ರೆ ಈ ಹಲಗೇನೂ ತಗೊಂಡೋಗಿ ಬೇರೆಯವ್ರಿಗೆ ಕೊಟ್ಬುಡ್ತಾರೆ. ಇದೊಂದು ನನ್ನ ಕೈಲೇ ಮುಗೀಲಿ. ಒಂದೊಂದು ಬೆಳಗ್ಗೆ ಚೆನ್ನಾಗೇ ಕಾಣ್ತದೆ. ಅಂಥ ಬೆಳಗ್ಗೆ ಒಂದು ಸಿಕ್ಕಿದ್ರೆ ಸಾಕು." ಡಾಕ್ಟರಿಗೆ ತೋರಿಸಿದಿರಾ ಎಂದೆ. ಅವರ ಅಣ್ಣನೊಬ್ಬನಿಗೆ ಆಪರೇಷನ್ ಆದ ಮೇಲೆ ಇದ್ದ ದೃಷ್ಟಿಯೂ ಹೋಗಿತ್ತಂತೆ. ಆ ಮಾತೇ ಬೇಡ ಎಂದರು. ಆಗಲಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ದೊಡ್ಡ ಮನಸ್ಸು ಮಾಡಿದೆ ಎಂಬ ಹೆಮ್ಮೆಯಲ್ಲೇ ಬಸ್ಸು ಹತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಗುಟ್ಟು ಕಾಯುವುದು ನನಗೂ ಅನುಕೂಲವಾಗಿತ್ತು. ಅದು ಹೊರಗೆ ಬಂದರೆ ನನ್ನ ಕಾಗದಗಳೆಲ್ಲ ಸುಳ್ಳೆಂದು ಗೊತ್ತಾಗುತ್ತಿತ್ತಲ್ಲ.

ಆ ಹೊತ್ತಿಗೆ ಅಂಗಡಿಯಲ್ಲಿ ಎಲ್ಲ ಬದಲಾಗುತ್ತಿತ್ತು. ಫ್ಯಾಕ್ಸ್ ಬಂತು, ಅದರ ಹಿಂದೆಯೇ ಕಂಪ್ಯೂಟರ್, ಇ-ಮೇಲ್ ಬಂದವು. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆಯೊಳಗೆ ಉತ್ತರ ಕೊಡಬೇಕು, ಉತ್ತರ ಎರಡು ಸಾಲು ಮೀರಬಾರದು. ಗಿರಾಕಿಗಳು ಫೋಟೊ ನೋಡಿ, ಇದು ಬೇಕು, ಇದು ಬೇಡ ಎನ್ನತೊಡಗಿದರು. ನನ್ನ ಕತೆಗಳನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ. ಇಂಗ್ರಿಡ್ ಒಬ್ಬರೇ ಇನ್ನೂ ನೀಲಿ ಶಾಯಿಯಲ್ಲಿ ಕೈಬರಹದ ಕಾಗದ ಬರೆಯುತ್ತಿದ್ದರು. ಟೈಪ್‌ರೈಟರನ್ನು ಗುಜರಿಗೆ ಕೊಡದೆ ಇಟ್ಟುಕೊಂಡದ್ದು ಅವರೊಬ್ಬರಿಗಾಗಿ.

ಆರನೆಯ ವರ್ಷ ಅವರಿಂದ ಒಂದು ಚಿಕ್ಕ ಕಾಗದ ಬಂತು. ಅಕ್ಷರ ಅಲ್ಲಲ್ಲಿ ನಡುಗಿತ್ತು. ತಮಗೆ ವಯಸ್ಸಾಗಿದೆ, ಆರೋಗ್ಯ ಸರಿಯಿಲ್ಲ. ಮರಿಸ್ವಾಮಯ್ಯನವರಿಗೆ ಏನಾದರೂ ತೊಂದರೆಯಿದ್ದರೆ ಮುಚ್ಚಿಡದೆ ತಿಳಿಸಬೇಕು. ಚಿತ್ರ ಮುಗಿಯುವ ಹಾಗಿಲ್ಲದಿದ್ದರೆ, ಇದ್ದದ್ದು ಇದ್ದ ಹಾಗೆಯೇ ಕಳಿಸಿದರೂ ತಮಗೆ ಸಂತೋಷ. ಆ ಮೂರು ಬೆಳಗು ನೋಡಿದ ಕೈಯ ಕೆಲಸ ಮನೆಯಲ್ಲಿದ್ದರೆ ಸಾಕು. ಇಷ್ಟೇ ಇತ್ತು.

ಆ ಕಾಗದದ ವಿಷಯವನ್ನು ನಾನು ಮರಿಸ್ವಾಮಯ್ಯನವರಿಗೆ ತಿಳಿಸಲಿಲ್ಲ. ಮುಗಿಯದ ಚಿತ್ರ ಕಳಿಸು ಎಂದರೆ ಅವರ ಎದೆ ಒಡೆಯುತ್ತದೆ ಎಂದು ನಾನೇ ತೀರ್ಮಾನಿಸಿದೆ. ಯಜಮಾನರಿಗೂ ಪೂರ್ತಿ ಓದಲಿಲ್ಲ. ಅರ್ಧ ಚಿತ್ರ ಹೊರದೇಶಕ್ಕೆ ಹೋದರೆ ಅಂಗಡಿಯ ಹೆಸರೇನಾಗಬೇಕು ಎಂದೂ ನಾನೇ ಚಿಂತಿಸಿದೆ. ಕಲಾವಿದರು ಕ್ಷೇಮವಾಗಿದ್ದಾರೆ, ದಸರಾ ಹೊತ್ತಿಗೆ ಒಳ್ಳೆಯ ದಿನವಿದೆ, ಅಂದು ವಧುವಿನ ಮುಖ ಬರೆಯುತ್ತಾರೆ ಎಂದು ಟೈಪ್ ಮಾಡಿದೆ. ಸಂಜೆಯ ಬೆಳಕಿನಲ್ಲಿ ಅವರ ಕುಂಚದ ತುದಿ ಹೊಳೆಯುತ್ತಿತ್ತು ಎಂದೂ ಒಂದು ಸಾಲು ಸೇರಿಸಿದೆ. ಆ ಸಾಲು ನನಗೆ ಬಹಳ ಹಿಡಿಸಿತ್ತು.

ಮಾರನೆಯ ವರ್ಷ ಮರಿಸ್ವಾಮಯ್ಯನವರು ಬಡಾವಣೆಯಲ್ಲಿ ಅಗೆದು ಬಿಟ್ಟಿದ್ದ ಚರಂಡಿಗೆ ಬಿದ್ದರು. ಕಾಲಿಗೆ ಪೆಟ್ಟಾಯಿತು. ಕಾಲು ನೋಡಿದ ಡಾಕ್ಟರು ಕಣ್ಣಿನವರಿಗೂ ತೋರಿಸಿ ಎಂದು ಕಳಿಸಿದರು. ನಾನೂ ಜೊತೆಯಲ್ಲಿದ್ದೆ. ಪರೀಕ್ಷೆ ಮಾಡಿದ ಡಾಕ್ಟರಮ್ಮ ನನ್ನನ್ನು ಮಗನೆಂದು ತಿಳಿದು ಪಕ್ಕಕ್ಕೆ ಕರೆದರು. "ಒಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗಿಹೋಗಿದೆ. ದಿನಾ ಡ್ರಾಪ್ಸ್ ಹಾಕಿದ್ರೆ ಇದ್ದಷ್ಟು ಉಳೀತಿತ್ತು. ಮೂರು ವರ್ಷ ಮುಂಚೆ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು. ಮೂರು ವರ್ಷ ಮುಂಚೆ ನಾನು ಮಾತು ಕೊಟ್ಟು ಬಸ್ಸು ಹತ್ತಿದ್ದೆ.

ಅಂದು ಅವರನ್ನು ಮನೆ ಮುಟ್ಟಿಸಿ, ಮಂಚದ ಪಕ್ಕದಲ್ಲೇ ಕೂತು ಇಂಗ್ರಿಡ್ ಅವರ ಆ ಚಿಕ್ಕ ಕಾಗದದ ವಿಷಯ ಹೇಳಿದೆ.

"ಅಂಗೇ ಕಳ್ಸಿ ಅಂದಿದ್ರಾ?" ಎಂದರು. "ಯಾವಾಗ?"

"ಹೋದ ವರ್ಷ."

"ಕಳಿಸ್ತಿದ್ದೆ ಕಣ್ರೀ" ಎಂದರು. "ಆಯಮ್ಮ ನನ್ನ ಕೈ ನೋಡಿದ್ರು. ಅವ್ರು ಕೇಳಿದ್ರೆ ಇಲ್ಲ ಅಂತಿದ್ನಾ? ಮುಗೀಲಿಲ್ಲ ಅಂತ ಯಾರೂ ಬೈಯಲ್ಲ ಅಂದಿದ್ರೆ ಇವಳ ಮಾತು ಕೇಳಿ ಡಾಕ್ಟರ ಹತ್ರಾನೂ ಹೋಗ್ತಿದ್ನೋ ಏನೋ."

ನಾಗಮ್ಮ ಎದ್ದು ಒಳಗೆ ಹೋದರು.

ಮಾರನೆಯ ದಿನ ನಾನು ಮೊದಲ ಸಲ ಮರಿಸ್ವಾಮಯ್ಯನವರ ಎದುರಿಗೆ ಕೂತು, ಅವರು ಹೇಳಿದ್ದನ್ನೇ ಹೇಳಿದ ಹಾಗೆ ಇಂಗ್ಲಿಷಿಗೆ ಇಳಿಸಿದೆ. ಅದು ಆರು ಸಾಲಿನ ಕಾಗದ. ನನಗೆ ಕಣ್ಣು ಹೋಗಿದೆ. ಅಮ್ಮನ ಮುಖ ನನ್ನಿಂದ ಆಗಲಿಲ್ಲ. ಬೇರೆಯವರ ಕೈಲಿ ಬರೆಸಲು ಮನಸ್ಸಿಲ್ಲ. ಮಿಕ್ಕಿದ್ದೆಲ್ಲ ನನ್ನದೇ. ಮಂಟಪವನ್ನು ಬೆರಳಿಂದ ಮುಟ್ಟಿ ನೋಡಿ, ನಾನೂ ಹಾಗೇ ಮಾಡಿದ್ದು. ಕಾಯಿಸಿದ್ದಕ್ಕೆ ಕ್ಷಮಿಸಿ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ನನ್ನಿಂದ ಏನಾದರೂ ಕಲಿಯುವುದಿದ್ದರೆ ಅದು ಆ ಆರು ಸಾಲು. ಅದರಲ್ಲಿ ನನ್ನದು ಒಂದು ಪದವೂ ಇರಲಿಲ್ಲ.

ಯಜಮಾನರಿಗೂ ಎಲ್ಲ ಒಪ್ಪಿಸಿದೆ. ಅವರು ನನ್ನ ಮುಖ ನೋಡದೆ, "ಪೆಟ್ಟಿಗೆ ಮಾಡ್ಸಿ" ಎಂದರು. ಗಾಜಿಗೆ ಬೆರಳಿನಷ್ಟು ಜಾಗ ಬಿಡಿಸಿ, ನಾನೇ ನಿಂತು ಕಟ್ಟಿಸಿದೆ. ಮೊದಲು ಕಾಗದ ಹೋಯಿತು, ಅದರ ಹಿಂದೆ ವಿಮಾನದಲ್ಲಿ ಚಿತ್ರ ಹೋಯಿತು.

ಉತ್ತರ ಬಂದದ್ದು ಇಂಗ್ರಿಡ್ ಅವರ ತಂಗಿಯ ಮಗನಿಂದ. ದೊಡ್ಡಮ್ಮ ತೀರಿಕೊಂಡು ತಿಂಗಳಾಯಿತು, ಮನೆ ಖಾಲಿ ಮಾಡುವಾಗ ನಿಮ್ಮ ಕೊನೆಯ ಕಾಗದ ಒಡೆಯದೆ ಬಿದ್ದಿತ್ತು, ಅದು ಅವರಿಗೆ ಬರೆದದ್ದೆಂದು ನಾವೂ ಒಡೆಯಲಿಲ್ಲ, ಚಿತ್ರ ಕೈಸೇರಿದೆ ಎಂದು ಬರೆದಿದ್ದ. ವಧುವಿನ ಮುಖದ ಜಾಗದ ಬಣ್ಣ ದಾರಿಯಲ್ಲಿ ಅಳಿಸಿಹೋಗಿರಬೇಕು, ಸರಿಪಡಿಸಲು ಅಲ್ಲಿಗೆ ವಾಪಸು ಕಳಿಸಬೇಕೇ ಎಂದು ಕೇಳಿದ್ದ. ಜೊತೆಗೆ ಒಂದು ಕಟ್ಟು ಬಂದಿತ್ತು, ನಾನು ಏಳು ವರ್ಷ ಬರೆದ ಕಾಗದಗಳು. ದೊಡ್ಡಮ್ಮ ಇವನ್ನು ಹಬ್ಬಕ್ಕೆ ಸೇರಿದಾಗಲೆಲ್ಲ ನಮಗೆ ಓದಿ ಹೇಳುತ್ತಿದ್ದರು, ನಿಮ್ಮ ಕಲಾವಿದರು ನಮ್ಮ ಮನೆಯವರಿಗೆಲ್ಲ ಬಹಳ ಪರಿಚಿತರು, ಇವು ನಿಮ್ಮಲ್ಲೇ ಇರಲಿ ಎಂದು ಕೊನೆಯಲ್ಲಿ ಬರೆದಿದ್ದ.

ಸುದ್ದಿ ತಿಳಿಸಲು ಶ್ರೀರಾಂಪುರಕ್ಕೆ ಹೋದೆ. ಕಟ್ಟನ್ನು ಅಂಗಡಿಯಲ್ಲೇ ಬಿಟ್ಟು ಹೋಗಬಹುದಾಗಿತ್ತು. ಈ ಸಲ ಯಾವುದನ್ನೂ ಬಚ್ಚಿಡಬಾರದೆಂದು ಕೈಯಲ್ಲೇ ಹಿಡಿದುಕೊಂಡು ಹೋದೆ. ಮರಿಸ್ವಾಮಯ್ಯನವರು ಜಗುಲಿಯ ಬಿಸಿಲಿನಲ್ಲಿ ಕೂತಿದ್ದರು. ಆ ತಾಯಿ ಹೋದದ್ದನ್ನು ಹೇಳಿದೆ. ಕೈ ಮುಗಿದರು. ಆ ಆರು ಸಾಲಿನ ಕಾಗದವನ್ನು ಆಕೆ ಓದಲಿಲ್ಲವೆಂಬುದನ್ನೂ ಹೇಳಿದೆ. ತಲೆ ಅಲ್ಲಾಡಿಸಿದರು. ಕಟ್ಟನ್ನು ಅವರ ತೊಡೆಯ ಮೇಲಿಟ್ಟೆ.

"ನನ್ನ ಬಗ್ಗೆ ಇಷ್ಟೊಂದು ಬರ್ದಿದ್ರಾ?" ಎಂದು ಅದರ ದಪ್ಪವನ್ನು ಬೆರಳಿನಲ್ಲಿ ಅಳೆದು ನೋಡಿದರು. "ಓದಿ, ಕೇಳನ."

ಓದಿದೆ. ಒಂದೊಂದನ್ನೇ ಕನ್ನಡ ಮಾಡಿ ಓದಿದೆ. ನಂಜನಗೂಡಿನ ಛತ್ರಗಳನ್ನು ಓದಿದೆ, ಗ್ರಹಣ ಓದಿದೆ, ಬೆಟ್ಟದ ಮೆಟ್ಟಿಲು ಓದಿದೆ. ನಾಗಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ದಸರೆಯ ಒಳ್ಳೆಯ ದಿನ ಓದಿದೆ. ಹೊಳೆಯುವ ಕುಂಚದ ಸಾಲನ್ನೂ ಬಿಡದೆ ಓದಿದೆ. ಮರಿಸ್ವಾಮಯ್ಯನವರು ಬಾಯಿ ಸ್ವಲ್ಪ ತೆರೆದು, ಬೇರೆ ಯಾರದೋ ಸಂಗತಿ ಕೇಳುವವರ ಹಾಗೆ ಕೇಳುತ್ತಿದ್ದರು.

ಕೊನೆಗೆ, "ಒಳ್ಳೇ ಮನುಷ್ಯ ಕಣ್ರೀ ಈ ಕಾಗದದಲ್ಲಿರೋನು" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. "ಪಾಪ, ಆಯಮ್ಮ ಕಾದಿದ್ದು ಇವ್ನಿಗೋಸ್ಕರ. ನನಗಲ್ಲ."

ನಾನು ಕಾಗದಗಳನ್ನು ಮಡಿಸತೊಡಗಿದೆ. ಅವರು ಕೈ ನೀಡಿ ನನ್ನನ್ನು ತಡೆದು, ಆ ಛತ್ರದಲ್ಲಿ ಕೂತು ಮುಖ ಹುಡುಕುವ ಕಾಗದವನ್ನು ಇನ್ನೊಂದು ಸಲ ಓದಲು ಹೇಳಿದರು. ಓದಿದೆ.